ಪತ್ತನಾಜೆಯ ನಂತರದ ಮುಖ: ಮೊಡವೆಯ ಗುಳಿಗಳಿಗೆ ಸೂಜಿಯೋ ಲೇಸರೋ? ಒಂದು ಪ್ರಕರಣ ಅಧ್ಯಯನ

2023ರ ಮೇ ತಿಂಗಳ ಕೊನೆಯ ವಾರದಲ್ಲಿ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುವ ಪತ್ತನಾಜೆ ಕಳೆದು ಮೂರು ದಿನಗಳಾಗಿದ್ದಾಗ, 26 ವರ್ಷದ ಯುವಕರೊಬ್ಬರು ಉಡುಪಿಯ ನನ್ನ ಚಿಕಿತ್ಸಾಲಯಕ್ಕೆ ಬಂದರು. ಅವರು ಯಕ್ಷಗಾನ ಮೇಳವೊಂದರ ಸ್ತ್ರೀವೇಷಧಾರಿ. ಕೆನ್ನೆ ಮತ್ತು ಕಪಾಲದ (ಕಣ್ಣಿನ ಹೊರಬದಿ, ಹಣೆಯ ಪಕ್ಕದ ಭಾಗ) ಮೇಲೆ ಮೊಡವೆಗಳು ಉಳಿಸಿಹೋದ ಗುಳಿಗಳಿಗೆ ಅವರು ಎರಡು ಮಳೆಗಾಲಗಳಲ್ಲಿ ಪಡೆದ ಚಿಕಿತ್ಸೆಯ ವಿವರ ಇಲ್ಲಿದೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ಸಂಗತಿಗಳನ್ನು ಬಿಟ್ಟು ಬರೆದಿದ್ದೇನೆ. ಒಬ್ಬರೇ ರೋಗಿಯ ಕಥೆಯಿಂದ ಯಾವ ಚಿಕಿತ್ಸೆ ಮೇಲು ಎಂದು ಸಾಬೀತುಪಡಿಸಲು ಆಗುವುದಿಲ್ಲ. ಆದರೆ ಒಂದೇ ಮುಖದ ಎರಡು ಬದಿಗಳಲ್ಲಿ ಎರಡು ವಿಧಾನಗಳು ಹೇಗೆ ನಡೆದುಕೊಂಡವು, ನಡುವೆ ನಾನು ಎಲ್ಲಿ ಎಡವಿದೆ ಎಂಬುದು ಬರೆದಿಡಬೇಕಾದ ಸಂಗತಿ ಎನಿಸಿತು.

ಅವರು ಕೇಳಿಕೊಂಡು ಬಂದದ್ದು ಲೇಸರನ್ನು. ಮೊಬೈಲಿನಲ್ಲಿ ನೋಡಿದ ಜಾಹೀರಾತನ್ನು ನನಗೆ ತೋರಿಸಿ, "ಒಂದು ಸಲ ಲೇಸರ್ ಮಾಡಿಸಿದ್ರೆ ಕಲೆ ಪೂರ್ತಿ ಹೋಗ್ತದಂತಲ್ಲ ಡಾಕ್ಟ್ರೇ?" ಎಂದು ಕೇಳಿದರು. ಇಂಥ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಾನು 'ಕಲೆ' ಎಂಬ ಮಾತನ್ನೇ ಬಿಡಿಸಿ ನೋಡಬೇಕಾಗುತ್ತದೆ. ಮೊಡವೆ ಆರಿದ ಜಾಗ ಕಪ್ಪಾಗಿ ಉಳಿದರೂ ನಾವು ಕಲೆ ಎನ್ನುತ್ತೇವೆ, ಚರ್ಮ ತಗ್ಗಾಗಿ ಗುಳಿ ಬಿದ್ದರೂ ಕಲೆ ಎನ್ನುತ್ತೇವೆ. ಮೊದಲನೆಯದು ಬಣ್ಣದ ದೋಷ, ಹೆಚ್ಚಿನವರಲ್ಲಿ ತಿಂಗಳುಗಳು ಕಳೆದಂತೆ ತಾನಾಗಿಯೇ ಮಾಸುತ್ತದೆ. ಎರಡನೆಯದು ಒಳಚರ್ಮದ ಕೊಲಾಜನ್ ನಾರುಗಳು ನಾಶವಾಗಿ ಉಂಟಾದ ಆಕಾರದ ದೋಷ, ತಾನಾಗಿ ತುಂಬಿಕೊಳ್ಳುವುದಿಲ್ಲ. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದನ್ನು ಹುಟ್ಟುಹಾಕಬಲ್ಲದು ಎಂಬುದು ಈ ಪ್ರಕರಣದಲ್ಲಿ ಮುಂದೆ ಕಾಣಿಸುತ್ತದೆ.

ಮೊಡವೆ ಶುರುವಾದದ್ದು ಅವರ 17ನೇ ವಯಸ್ಸಿನಲ್ಲಿ. ಮೇಳ ಸೇರಿದ ನಂತರ ಹೆಚ್ಚಾಯಿತು ಎಂದರು, ಅದರಲ್ಲಿ ಆಶ್ಚರ್ಯವಿಲ್ಲ. ಬಿಳಿಯ ಸಫೇದ ಎಂದರೆ ಸತುವಿನ ಆಕ್ಸೈಡ್, ಅದಕ್ಕೆ ಬೇರೆ ಬಣ್ಣಗಳನ್ನು ಎಣ್ಣೆಯಲ್ಲಿ ಕಲಸಿ ಮುಖಕ್ಕೆ ದಪ್ಪಗೆ ಬಳಿದು, ಅದರ ಮೇಲೆ ರಾತ್ರಿಯಿಡೀ ಬೆವರಿ, ಬೆಳಗಿನ ಜಾವ ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ತೆಂಗಿನೆಣ್ಣೆ ಹಾಕಿ ತಿಕ್ಕಿ ತೆಗೆಯುವ ಕ್ರಮ ಆರು ತಿಂಗಳು ನಡೆದರೆ ರೋಮಕೂಪಗಳು ಕಟ್ಟಿಕೊಳ್ಳದೆ ಇರುವುದಿಲ್ಲ. ತೆಂಗಿನೆಣ್ಣೆ ತಲೆಗೆ ಎಷ್ಟೇ ಒಳ್ಳೆಯದಿರಲಿ, ಮೊಡವೆ ಏಳುವ ಮುಖಕ್ಕೆ ಒಳ್ಳೆಯದಲ್ಲ. ಹಿಂದಿನ ವರ್ಷ ಅವರು ಬೇರೆ ವೈದ್ಯರಲ್ಲಿ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಐದು ತಿಂಗಳು ಸೇವಿಸಿ ಡಿಸೆಂಬರಿನಲ್ಲಿ ನಿಲ್ಲಿಸಿದ್ದರು. ಹೊಸ ಮೊಡವೆ ಹೆಚ್ಚುಕಡಿಮೆ ನಿಂತಿತ್ತು. ಇದು ಮುಖ್ಯವಾಗಿತ್ತು, ಏಕೆಂದರೆ ಕೀವು ತುಂಬಿದ ಮೊಡವೆಗಳಿರುವ ಮುಖಕ್ಕೆ ಸೂಜಿಯನ್ನಾಗಲಿ ಲೇಸರನ್ನಾಗಲಿ ತಾಗಿಸುವುದು ಸೋಂಕನ್ನು ಹರಡಿದಂತೆ.

ಎದುರಿನಿಂದ, ಕಿಟಕಿಯ ಬೆಳಕಿನಲ್ಲಿ ನೋಡಿದರೆ ಅವರ ಮುಖ ಅಷ್ಟೇನೂ ಕೆಟ್ಟದಾಗಿ ಕಾಣುತ್ತಿರಲಿಲ್ಲ. ಮೊಬೈಲಿನ ಟಾರ್ಚನ್ನು ಕಿವಿಯ ಪಕ್ಕದಿಂದ ಓರೆಯಾಗಿ ಹಿಡಿದಾಗ ಮಾತ್ರ ಎರಡೂ ಕೆನ್ನೆಗಳು ಮಳೆ ನಿಂತ ಮೇಲಿನ ಕೆಸರುಗದ್ದೆಯಂತೆ ಏರುತಗ್ಗಾಗಿ ಎದ್ದು ಕಂಡವು. ರಂಗಸ್ಥಳದ ದೀಪ ಬೀಳುವುದೂ ಹೀಗೆ ಪಕ್ಕದಿಂದಲೇ ಎಂದು ಅವರೇ ಹೇಳಿದರು. ಕೆನ್ನೆಯ ಗುಳಿಗಳು ಅಗಲವಾಗಿ, ಅಂಚು ಇಳಿಜಾರಾಗಿ, ಬೆರಳುಗಳಿಂದ ಚರ್ಮವನ್ನು ಎಳೆದು ಹಿಡಿದರೆ ಬಹುಮಟ್ಟಿಗೆ ಮಾಯವಾಗುವಂಥವು. ಎರಡೂ ಬದಿಯ ಕಪಾಲದಲ್ಲಿದ್ದವು ಬೇರೆ ಜಾತಿಯವು. ಉಳಿಯಿಂದ ಕೆತ್ತಿದಂತೆ ಅಂಚು ನೇರವಾಗಿ, ತಳ ಚಪ್ಪಟೆಯಾಗಿ, ಎಳೆದರೂ ಹಾಗೆಯೇ ಉಳಿಯುವ ಪೆಟ್ಟಿಗೆಯಾಕಾರದ ಗುಳಿಗಳು. ಮೂಗಿನ ಪಕ್ಕದಲ್ಲಿ ಏಳೆಂಟು ಸೂಜಿಮೊನೆಯಂಥ ಕಿರಿದಾದ ಆಳವಾದ ರಂಧ್ರಗಳಿದ್ದವು. ಗುಡ್‌ಮನ್ ಮತ್ತು ಬ್ಯಾರನ್ 2006ರಲ್ಲಿ ಕೊಟ್ಟ ನಾಲ್ಕು ದರ್ಜೆಗಳ ಅಳತೆಯಲ್ಲಿ ಕೆನ್ನೆಯವು ಮೂರನೆಯ ದರ್ಜೆ: ಮಾತಾಡುವಷ್ಟು ದೂರದಿಂದ ಕಾಣುವ, ಮಾಮೂಲಿ ಮೇಕಪ್ಪಿನಿಂದ ಮುಚ್ಚಲಾಗದ, ಆದರೆ ಚರ್ಮ ಎಳೆದರೆ ಸಪಾಟಾಗುವ ಗುಳಿಗಳು.

ಚರ್ಮದ ಬಣ್ಣ, ಬಿಳುಪಿನಿಂದ ಕಪ್ಪಿನ ತನಕ ಆರು ಬಗೆಗಳನ್ನು ಹೇಳುವ ಫಿಟ್ಜ್‌ಪ್ಯಾಟ್ರಿಕ್ ವರ್ಗೀಕರಣದ ಐದನೆಯ ಬಗೆ. ಕರಾವಳಿಯ ಹೆಚ್ಚಿನವರು ನಾಲ್ಕು ಮತ್ತು ಐದರ ನಡುವೆಯೇ ಬರುತ್ತಾರೆ. ಆದರೆ ಈ ಅಂಕಿಗಿಂತ ಹೆಚ್ಚು ಮಾಹಿತಿ ನನಗೆ ಸಿಕ್ಕಿದ್ದು ಅವರ ಕಾಲಿನಲ್ಲಿ. ಪ್ಯಾಂಟನ್ನು ಸ್ವಲ್ಪ ಮೇಲೆತ್ತಲು ಹೇಳಿದೆ. ಗೆಜ್ಜೆ ಕಟ್ಟುವ ಜಾಗದಲ್ಲಿ ಎರಡೂ ಕಾಲುಗಳ ಸುತ್ತ ಎರಡು ಬೆರಳಿನಷ್ಟು ಅಗಲದ ಕಪ್ಪು ಪಟ್ಟಿ ಅಚ್ಚೊತ್ತಿದಂತಿತ್ತು. ಗಾಯವಾದದ್ದಲ್ಲ, ಬರೀ ಉಜ್ಜಿದ್ದು. ಇಷ್ಟು ಮಾತ್ರದ ತಿಕ್ಕಾಟಕ್ಕೆ ಇಷ್ಟು ಕಪ್ಪಾಗುವ ಚರ್ಮ ಬಿಸಿ ತಾಗಿದರೆ ಏನು ಮಾಡೀತು ಎಂಬ ಅಂದಾಜು ನನಗೆ ಆಗಲೇ ಸಿಗಬೇಕಿತ್ತು, ಸಿಕ್ಕಿತ್ತು ಕೂಡ.

ಸೂಜಿಯ ಕೆಲಸ, ಬೆಳಕಿನ ಕೆಲಸ

ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮವನ್ನು ಚುಚ್ಚುವುದು) ಮತ್ತು ಲೇಸರ್ ಎರಡರ ಗುರಿಯೂ ಒಂದೇ. ಚರ್ಮಕ್ಕೆ ಲೆಕ್ಕಹಾಕಿದ ಸಣ್ಣ ಸಣ್ಣ ಗಾಯಗಳನ್ನು ಮಾಡಿ, ಅವು ಮಾಯುವ ನೆಪದಲ್ಲಿ ದೇಹದಿಂದ ಹೊಸ ಕೊಲಾಜನ್ ಹೆಣೆಸುವುದು. ಕೆನಡಾದ ಕ್ಯಾಮಿರಾಂಡ್ ಮತ್ತು ಡೂಸೆ 1997ರಲ್ಲಿ ಹಚ್ಚೆಯ ಯಂತ್ರಕ್ಕೆ ಶಾಯಿಯನ್ನೇ ಹಾಕದೆ ಗಾಯದ ಗುರುತುಗಳ ಮೇಲೆ ಓಡಿಸಿ, ಆ ಜಾಗ ಮೃದುವಾಗುವುದನ್ನು ವರದಿ ಮಾಡಿದರು. ದಕ್ಷಿಣ ಆಫ್ರಿಕಾದ ಪ್ಲಾಸ್ಟಿಕ್ ಸರ್ಜನ್ ಡೆಸ್ಮಂಡ್ ಫರ್ನಾಂಡಿಸ್ ಅದನ್ನು ಸೂಜಿಗಳಿರುವ ಉರುಳೆಯ ರೂಪಕ್ಕೆ ತಂದರು. ಈಗ ನಾವು ಬಳಸುವುದು ಹೆಚ್ಚಾಗಿ ಮೋಟಾರಿನಿಂದ ನಡೆಯುವ ಪೆನ್ನಿನಂಥ ಸಾಧನ. ಅದರ ತುದಿಯ ಸೂಜಿಗಳು ಮೇಲೆ ಕೆಳಗೆ ಆಡುತ್ತ ಚರ್ಮವನ್ನು ನೇರವಾಗಿ ಚುಚ್ಚಿ ಹೊರಬರುತ್ತವೆ. ಬಿಸಿ ಎಂಬುದು ಇಲ್ಲಿಲ್ಲ. ಹೊರಚರ್ಮ ಕಿತ್ತುಹೋಗುವುದಿಲ್ಲ, ಚುಚ್ಚಿದ ದಾರಿಗಳು ಒಂದು ದಿನದೊಳಗೆ ಮುಚ್ಚಿಕೊಳ್ಳುತ್ತವೆ, ಬಣ್ಣ ತಯಾರಿಸುವ ಕೋಶಗಳಿಗೆ ಅಷ್ಟಾಗಿ ಪೆಟ್ಟಾಗುವುದಿಲ್ಲ.

ಇಂಗಾಲದ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಅದರ ಕಿರಣದ ತರಂಗದೂರ 10,600 ನ್ಯಾನೋಮೀಟರ್. ಅದನ್ನು ಹೀರಿಕೊಳ್ಳುವುದು ಚರ್ಮದಲ್ಲಿರುವ ನೀರು. ಕಿರಣ ಬಿದ್ದ ಜಾಗದ ನೀರು ಕ್ಷಣಾರ್ಧದಲ್ಲಿ ಆವಿಯಾಗಿ, ಅಲ್ಲಿದ್ದ ಚರ್ಮವೂ ಆವಿಯಾಗಿ ಹೋಗುತ್ತದೆ. ಮೊದಮೊದಲು ಇಡೀ ಮುಖದ ಪದರವನ್ನೇ ಹೀಗೆ ತೆಗೆಯುತ್ತಿದ್ದರು, ಮಾಯಲು ವಾರಗಟ್ಟಲೆ ಹಿಡಿಯುತ್ತಿತ್ತು. 2004ರಲ್ಲಿ ಮ್ಯಾನ್‌ಸ್ಟೈನ್ ಮತ್ತು ಸಂಗಡಿಗರು ಫ್ರಾಕ್ಷನಲ್ ವಿಧಾನವನ್ನು ಮಂಡಿಸಿದರು: ಚರ್ಮವನ್ನು ಇಡಿಯಾಗಿ ಸುಡದೆ, ಕೂದಲೆಳೆಯಷ್ಟು ಸಪೂರವಾದ ಸಾವಿರಾರು ಕಂಬಗಳಲ್ಲಿ ಮಾತ್ರ ಗಾಯ ಮಾಡಿ, ನಡುವಿನ ಚರ್ಮವನ್ನು ಹಾಗೆಯೇ ಬಿಡುವುದು. ನೇಜಿ ನೆಟ್ಟ ಗದ್ದೆಯಲ್ಲಿ ಸಾಲುಗಳ ನಡುವೆ ಜಾಗ ಬಿಟ್ಟಂತೆ ಎಂದು ನಾನು ರೋಗಿಗಳಿಗೆ ವಿವರಿಸುತ್ತೇನೆ. ಬಿಟ್ಟ ಜಾಗದಿಂದ ಹೊಸ ಕೋಶಗಳು ಬಂದು ಗಾಯವನ್ನು ಬೇಗ ಮುಚ್ಚುತ್ತವೆ.

ಲೇಸರಿನ ಕಂಬದ ಸುತ್ತ ಬಿಸಿ ತಾಗಿದ ಒಂದು ಉಂಗುರ ಉಳಿಯುತ್ತದೆ. ಈ ಬಿಸಿಯಿಂದಾಗಿ ಹಳೆಯ ಕೊಲಾಜನ್ ಕುಗ್ಗಿ ಚರ್ಮ ಬಿಗಿಯುತ್ತದೆ, ಹೊಸದರ ಹೆಣಿಗೆ ಜೋರಾಗುತ್ತದೆ. ಪೆಟ್ಟಿಗೆಯಾಕಾರದ ಗುಳಿಯ ಗಟ್ಟಿ ಅಂಚನ್ನು ಮುರಿಯಲು ಸೂಜಿಗಿಂತ ಇದು ಸಮರ್ಥ ಎಂಬುದು ನನ್ನ ಅನುಭವ. ಅದೇ ಬಿಸಿ ಕಪ್ಪು ಚರ್ಮದ ಬಣ್ಣದ ಕೋಶಗಳನ್ನು ಕೆರಳಿಸಿ, ಮಾಯುವ ಹೊತ್ತಿಗೆ ಅತಿಯಾಗಿ ಮೆಲನಿನ್ ಸುರಿಯುವಂತೆ ಮಾಡುತ್ತದೆ. ಬ್ರೆಜಿಲ್ಲಿನಿಂದ 2016ರಲ್ಲಿ ಪ್ರಕಟವಾದ ಯಾದೃಚ್ಛಿಕ ಅಧ್ಯಯನವೊಂದು (ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವಂಥದ್ದು) 1,340 ನ್ಯಾನೋಮೀಟರಿನ, ಚರ್ಮವನ್ನು ಆವಿಯಾಗಿಸದ ಬಗೆಯ ಲೇಸರನ್ನು ಸೂಜಿಯೊಂದಿಗೆ ಹೋಲಿಸಿತ್ತು. ಗುಳಿ ತುಂಬುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಕಪ್ಪಾಗಿದ್ದು ಮಾತ್ರ ಲೇಸರ್ ಗುಂಪಿನವರಲ್ಲಿ. ಸೌಮ್ಯವಾದ ಲೇಸರಿನಲ್ಲೇ ಹೀಗಾದರೆ ಡೈಆಕ್ಸೈಡ್ ಲೇಸರಿನಲ್ಲಿ ಇನ್ನಷ್ಟು ಎಚ್ಚರ ಬೇಕು. 2,940 ನ್ಯಾನೋಮೀಟರಿನ ಅರ್ಬಿಯಂ ಯಾಗ್ ಲೇಸರನ್ನು ನೀರು ಇನ್ನೂ ಹತ್ತುಪಟ್ಟಿಗೂ ಮಿಕ್ಕಿ ಹೀರುವುದರಿಂದ ಬಿಸಿಯ ಉಂಗುರ ತೆಳುವಾಗಿರುತ್ತದೆ. ಸೂಜಿಯ ತುದಿಯಿಂದ ಒಳಚರ್ಮಕ್ಕೆ ಮಾತ್ರ ಬಿಸಿ ಕೊಡುವ ರೇಡಿಯೋ ತರಂಗದ ಮೈಕ್ರೋನೀಡ್ಲಿಂಗ್ ಸೂಜಿ ಮತ್ತು ಲೇಸರಿನ ನಡುವಿನ ದಾರಿ. ಇವೆರಡೂ ಆಗ ನನ್ನಲ್ಲಿ ಇರಲಿಲ್ಲವಾದ್ದರಿಂದ ಅವುಗಳ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಮಾತ್ರೆಯ ವಿಷಯವನ್ನೂ ಹೇಳಬೇಕು. ಐಸೊಟ್ರೆಟಿನಾಯಿನ್ ನಿಲ್ಲಿಸಿ ಇಂಥ ಚಿಕಿತ್ಸೆಗಳಿಗೆ ಆರು ತಿಂಗಳು ಕಾಯಬೇಕೆಂಬ ಹಳೆಯ ಕಟ್ಟಳೆಗೆ ಬಲವಾದ ಆಧಾರವಿಲ್ಲವೆಂದು 2017ರಲ್ಲಿ ಬಂದ ಪರಿಶೀಲನೆಗಳು ಹೇಳಿವೆ, ಇಡೀ ಪದರ ತೆಗೆಯುವ ಲೇಸರಿಗೆ ಮಾತ್ರ ಆ ಸಡಿಲಿಕೆ ಇಲ್ಲ. ನಮ್ಮ ರೋಗಿಗೆ ಲೇಸರ್ ಮಾಡುವ ಹೊತ್ತಿಗೆ ಹೇಗೂ ಆರು ತಿಂಗಳು ದಾಟಿತ್ತು.

ಏನು ಮಾಡುವುದೆಂದು ನಿರ್ಧರಿಸಿದ್ದು

ತಿರುಗಾಟ ನವೆಂಬರಿನಲ್ಲಿ ಹೊರಟರೆ ಮೇ 24, 25ರ ಸುಮಾರಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ಅವರಿಗೆ ಬಿಡುವಿಲ್ಲ. ಮುಖಕ್ಕೆ ಬಣ್ಣವಿಲ್ಲದ ದಿನಗಳು ಸಿಗುವುದು ಮಳೆಗಾಲದಲ್ಲಿ, ಬಿಸಿಲು ಕಡಿಮೆ ಇರುವುದೂ ಮಳೆಗಾಲದಲ್ಲಿ. ಮೋಡ ಕವಿದರೂ ಅತಿನೇರಳೆ ಕಿರಣ ಬರುವುದು ನಿಲ್ಲುವುದಿಲ್ಲ, ಆದ್ದರಿಂದ ಸನ್‌ಸ್ಕ್ರೀನ್ ಬಿಡುವಂತಿಲ್ಲ. ಆದರೂ ಮಾರ್ಚ್, ಏಪ್ರಿಲ್‌ಗಿಂತ ಜೂನ್, ಜುಲೈ ಎಷ್ಟೋ ವಾಸಿ. ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ ನಾಲ್ಕು ವಾರಕ್ಕೊಮ್ಮೆಯಂತೆ ನಾಲ್ಕು ಸರದಿ ಮೈಕ್ರೋನೀಡ್ಲಿಂಗ್ ಎಂದು ಗೊತ್ತುಮಾಡಿದೆ. ಕೆನ್ನೆಗೆ 1.5 ಮಿಲಿಮೀಟರ್ ಆಳ. ಕಪಾಲದಲ್ಲಿ ಚರ್ಮ ತೆಳುವಾಗಿರುವುದರಿಂದ ಅಲ್ಲಿ 1 ಮಿಲಿಮೀಟರ್. ಮೂಗಿನ ಪಕ್ಕದ ಕಿರಿದಾದ ರಂಧ್ರಗಳಿಗೆ ಸೂಜಿಯಾಗಲಿ ಲೇಸರಾಗಲಿ ತಳ ಮುಟ್ಟುವುದಿಲ್ಲ. ಅವಕ್ಕೆ ಟ್ರೈಕ್ಲೋರೋ ಅಸಿಟಿಕ್ ಆಮ್ಲವನ್ನು ಕಡ್ಡಿಯ ತುದಿಯಿಂದ ಒಂದೊಂದೇ ರಂಧ್ರದೊಳಗೆ ಇಡುವ, 2002ರಲ್ಲಿ ಕೊರಿಯಾದಿಂದ ವರದಿಯಾದ ವಿಧಾನವನ್ನು ಆರಿಸಿದೆ.

ಅವರಿಗೆ ಲೇಸರ್ ಮೇಲಿನ ಆಸೆ ಹೋಗಿರಲಿಲ್ಲ, ಕಪಾಲದ ಪೆಟ್ಟಿಗೆ ಗುಳಿಗಳಿಗೆ ಸೂಜಿ ಸಾಕಾಗದು ಎಂಬ ಅನುಮಾನ ನನಗೂ ಇತ್ತು. ಬಲ ಕಪಾಲದಲ್ಲಿ ಮಾತ್ರ, ಎರಡು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಫ್ರಾಕ್ಷನಲ್ ಡೈಆಕ್ಸೈಡ್ ಲೇಸರ್ ಪರೀಕ್ಷಾರ್ಥವಾಗಿ ಮಾಡೋಣ, ಎಡ ಕಪಾಲಕ್ಕೆ ಕೆನ್ನೆಯ ಜೊತೆಗೆ ಸೂಜಿಯೇ ಇರಲಿ ಎಂದು ಇಬ್ಬರೂ ಒಪ್ಪಿದೆವು. ಖರ್ಚಿನ ಲೆಕ್ಕದಲ್ಲೂ ಇದು ಹೊಂದಿಕೆಯಾಯಿತು. ಇಡೀ ಮುಖಕ್ಕೆ ಲೇಸರ್ ಎಂದರೆ ನನ್ನಲ್ಲಿ ಒಂದು ಸರದಿಗೆ ಸೂಜಿಯ ಎರಡರಷ್ಟು ಆಗುತ್ತದೆ.

ಮನೆಯಲ್ಲಿ ಅವರೇ ಬಳಸಿದ ಡರ್ಮಾರೋಲರ್ (ಸೂಜಿಗಳಿರುವ ಉರುಳೆ) ಒಂದನ್ನು ಅವರು ಎರಡನೆಯ ಭೇಟಿಯಲ್ಲಿ ಚೀಲದಿಂದ ತೆಗೆದು ತೋರಿಸಿದರು, ಆನ್‌ಲೈನಿನಲ್ಲಿ ತರಿಸಿದ್ದು. ಭೂತಗನ್ನಡಿಯಲ್ಲಿ ನೋಡಿದರೆ ಕೆಲವು ಸೂಜಿಗಳ ತುದಿ ಬಾಗಿ ಕೊಕ್ಕೆಯಾಗಿತ್ತು. ಅಂಥದ್ದು ಚುಚ್ಚುವುದಲ್ಲ, ಹರಿಯುವುದು. ರೂಮಿನಲ್ಲಿದ್ದ ಮತ್ತೊಬ್ಬ ಕಲಾವಿದರೂ ಅದನ್ನೇ ಒಮ್ಮೆ ಬಳಸಿದ್ದರಂತೆ. ಒಬ್ಬರ ರಕ್ತ ತಾಗಿದ ಸೂಜಿ ಇನ್ನೊಬ್ಬರಿಗೆ ತಾಗಬಾರದು. 2018ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪರವಾನಗಿಯಿಲ್ಲದ ಸ್ಪಾವೊಂದರಲ್ಲಿ ಸೂಜಿ ಮತ್ತು ರಕ್ತದ ಅಂಶ ಸೇರಿಸಿ ಮಾಡಿದ ಮುಖದ ಚಿಕಿತ್ಸೆಯಿಂದ ಎಚ್‌ಐವಿ ಹರಡಿದ್ದನ್ನು ಅಲ್ಲಿನ ಆರೋಗ್ಯ ಇಲಾಖೆ ಪತ್ತೆಹಚ್ಚಿತ್ತು. ಆ ರೋಲರನ್ನು ಅಲ್ಲೇ ಸೂಜಿ ಹಾಕುವ ಬಿಳಿ ಡಬ್ಬಿಗೆ ಹಾಕಿಸಿದೆ.

ಮೊದಲ ಸರದಿ ಜೂನ್ ನಡುವಿನಲ್ಲಿ ನಡೆಯಿತು. ಲಿಡೊಕೇನ್ ಮತ್ತು ಪ್ರೈಲೊಕೇನ್ ಇರುವ, ಚರ್ಮವನ್ನು ಮರಗಟ್ಟಿಸುವ ಮುಲಾಮನ್ನು ದಪ್ಪಗೆ ಹಚ್ಚಿ ಮುಕ್ಕಾಲು ಗಂಟೆ ಬಿಟ್ಟು, ಪೂರ್ತಿ ಒರೆಸಿ ತೆಗೆದು, ಕೆನ್ನೆಯ ಚರ್ಮವನ್ನು ಎಡಗೈಯಿಂದ ಬಿಗಿಹಿಡಿದು ಪೆನ್ನನ್ನು ನೇರವಾಗಿ ಒತ್ತುತ್ತ ಸಾಗಿದೆ. ಎಳೆದರೆ ಗೀರು ಬೀಳುತ್ತದೆ, ಒತ್ತಿ ಎತ್ತಬೇಕು. ಗುಳಿಗಳ ಮೇಲೆ ರಕ್ತ ಸಾಸಿವೆಗಿಂತ ಸಣ್ಣ ಚುಕ್ಕೆಗಳಾಗಿ ಒಸರತೊಡಗಿದಾಗ ಅಲ್ಲಿಗೆ ನಿಲ್ಲಿಸುವುದು. ಮುಖಕ್ಕೆ ತಣ್ಣನೆಯ ಸಲೈನ್ ಬಟ್ಟೆ, ಆಮೇಲೆ ಬರೀ ಪೆಟ್ರೋಲಿಯಂ ಜೆಲ್ಲಿ. ವಿಟಮಿನ್ ಸಿ ಸೀರಮ್ ಹಚ್ಚಬಹುದೇ ಎಂದು ಕೇಳಿದರು, ಬೇಡವೆಂದೆ. ತೆರೆದ ದಾರಿಗಳಿಂದ ಒಳಗಿಳಿದ ಇಂಥ ದ್ರವಗಳಿಗೆ ಒಳಚರ್ಮ ಗಂಟುಗಂಟಾಗಿ ಪ್ರತಿಕ್ರಿಯಿಸಿದ ಪ್ರಕರಣಗಳು ವರದಿಯಾಗಿವೆ. ಎರಡು ದಿನ ಮುಖ ಬಿಸಿಲಿನಲ್ಲಿ ತಿರುಗಿದವರಂತೆ ಕೆಂಪಾಗಿತ್ತು, ಮೂರನೆಯ ದಿನ ಚರ್ಮ ಒರಟಾಯಿತು, ಐದನೆಯ ದಿನಕ್ಕೆ ಏನೂ ಇರಲಿಲ್ಲ.

ತಪ್ಪಿದ್ದು ಎಲ್ಲಿ

ಜುಲೈ ಮೊದಲ ವಾರದಲ್ಲಿ ಬಲ ಕಪಾಲಕ್ಕೆ ಲೇಸರ್ ಮಾಡಿದೆ. ಕಪ್ಪು ಚರ್ಮಕ್ಕೆ ಶಕ್ತಿಗಿಂತಲೂ ಸಾಂದ್ರತೆ ಅಪಾಯಕಾರಿ. ಕಂಬಗಳು ಒತ್ತೊತ್ತಾಗಿ ಬಿದ್ದರೆ ಅವುಗಳ ಬಿಸಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಆದ್ದರಿಂದ ಸಾಂದ್ರತೆಯನ್ನು 5 ಪ್ರತಿಶತದ ಆಸುಪಾಸಿನಲ್ಲಿಟ್ಟು ಒಂದೇ ಸುತ್ತು ಹೊಡೆದೆ. ಕಣ್ಣಿಗೆ ಲೋಹದ ರಕ್ಷಾಕವಚ, ಹೊಗೆ ಎಳೆಯುವ ಯಂತ್ರ ಎಲ್ಲ ಕ್ರಮಪ್ರಕಾರ ಇತ್ತು. ತುಟಿಯಲ್ಲಿ ಹರ್ಪಿಸ್ ಗುಳ್ಳೆ ಎದ್ದ ಇತಿಹಾಸವಿಲ್ಲವೆಂದು ಮೊದಲೇ ಕೇಳಿಕೊಂಡಿದ್ದೆ. "ಹಕ್ಕಳೆ ತಾನಾಗಿ ಬೀಳುವ ತನಕ, ಅಂದರೆ ಎಂಟು ಹತ್ತು ದಿನ, ಮುಟ್ಟಬೇಡಿ, ಬಿಸಿಲಿಗೆ ಹೋಗಬೇಡಿ, ಮೇಕಪ್ ಬೇಡ" ಎಂದೆ. ಅವರು, "ಮೇಳ ಇಲ್ಲವಲ್ಲ ಡಾಕ್ಟ್ರೇ, ತೊಂದರೆ ಇಲ್ಲ" ಎಂದರು. ನಾನು ತಲೆಯಾಡಿಸಿ ಚೀಟಿ ಬರೆದೆ.

ಎರಡು ವಾರಗಳ ನಂತರ ಅವರು ಬಂದಾಗ ಬಲ ಕಪಾಲದಲ್ಲಿ ಜಾಲರಿಯ ಮುದ್ರೆ ಒತ್ತಿದಂತೆ ಕಡುಕಂದು ಬಣ್ಣದ ಚುಕ್ಕೆಗಳ ಚೌಕ ನಿಂತಿತ್ತು. ಏನಾಯಿತೆಂದು ವಿಚಾರಿಸಿದರೆ, ಲೇಸರ್ ಆದ ಐದನೆಯ ಸಂಜೆಯಿಂದಲೇ ಅವರು ಚಿಕ್ಕಮೇಳಕ್ಕೆ ಹೋಗಿದ್ದರು. ಪತ್ತನಾಜೆ ಕಳೆದ ಮೇಲೆ ದೀಪಾವಳಿಯ ತನಕ ನಾಲ್ಕಾರು ಕಲಾವಿದರು ಒಂದು ಸ್ತ್ರೀವೇಷ, ಒಂದು ಪುರುಷವೇಷ, ಭಾಗವತರು, ಚೆಂಡೆ ಮದ್ದಳೆಯವರು ಎಂದು ಗುಂಪುಕಟ್ಟಿಕೊಂಡು ಸಂಜೆಹೊತ್ತು ಮನೆಮನೆಗೆ ಹೋಗಿ, ದೀಪ ಹಚ್ಚಿದ ಚಾವಡಿಯಲ್ಲಿ ಪ್ರಸಂಗದ ತುಣುಕೊಂದನ್ನು ಆಡಿ ಬರುವ ಪದ್ಧತಿ ನಮ್ಮ ಕಡೆ ಇದ್ದೇ ಇದೆ. ನನ್ನ ಮನೆಗೂ ಬರುತ್ತಾರೆ. ಮಳೆಗಾಲದಲ್ಲಿ ಆ ವರಮಾನವೇ ಅವರಿಗೆ ಆಧಾರ. ಅವರ ಲೆಕ್ಕದಲ್ಲಿ ಮೇಳವೆಂದರೆ ತಿರುಗಾಟದ ಮೇಳ, ಅದು ಇಲ್ಲವೆಂದು ಅವರು ಹೇಳಿದ್ದು ನಿಜವೇ ಆಗಿತ್ತು. ಬಣ್ಣ ಹಚ್ಚುತ್ತೀರಾ ಎಂದು ನಾನು ಕೇಳಲಿಲ್ಲ.

ಐದನೆಯ ದಿನ ಹಕ್ಕಳೆ ಇನ್ನೂ ಅಂಟಿಕೊಂಡಿರುತ್ತದೆ. ಅದರ ಮೇಲೆ ಬಣ್ಣ ಬಳಿದು, ರಾತ್ರಿ ಎಣ್ಣೆ ಹಾಕಿ ತಿಕ್ಕಿದಾಗ ಹಕ್ಕಳೆ ಬಣ್ಣದ ಜೊತೆಗೇ ಎದ್ದುಬಂದಿದೆ. ಅಪಕ್ವವಾದ ಹೊಸ ಚರ್ಮಕ್ಕೆ ಮತ್ತೆ ಮತ್ತೆ ತಿಕ್ಕಾಟ. ಬರೀ ಗೆಜ್ಜೆಯ ಉಜ್ಜಾಟಕ್ಕೆ ಕಪ್ಪಾಗುವ ಚರ್ಮ ಅದು. ಕೆನ್ನೆಗಳಲ್ಲಿ ಸೂಜಿ ಚಿಕಿತ್ಸೆಯ ಮೊದಲ ಸರದಿಯಾದ ಮೇಲೂ ಅವರು ಆರನೆಯ ದಿನದಿಂದ ಬಣ್ಣ ಹಚ್ಚಿದ್ದರೆಂದು ಆಗಲೇ ತಿಳಿದದ್ದು. ಅಲ್ಲಿ ಏನೂ ಆಗಿರಲಿಲ್ಲ, ಏಕೆಂದರೆ ಐದನೆಯ ದಿನಕ್ಕೆ ಹೊರಚರ್ಮ ಮುಚ್ಚಿಯಾಗಿತ್ತು. ಒಂದೇ ಮುಖ, ಅದೇ ಬಣ್ಣ, ಅದೇ ಎಣ್ಣೆ. ಎರಡು ಚಿಕಿತ್ಸೆಗಳ ನಡುವಿನ ವ್ಯತ್ಯಾಸ ನನಗೆ ಯಾವ ಅಧ್ಯಯನದಲ್ಲಿ ಕಂಡದ್ದಕ್ಕಿಂತಲೂ ಸ್ಪಷ್ಟವಾಗಿ ಅಲ್ಲಿ ಕಂಡಿತು.

"ಗುಳಿ ಮೊದಲೇ ಇತ್ತು. ಈ ಕಪ್ಪು ನೀವು ಕೊಟ್ಟದ್ದು" ಎಂದರು. ಸಿಟ್ಟಿನಿಂದಲ್ಲ, ಸಪ್ಪೆಯಾಗಿ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಕಪ್ಪು ಶಾಶ್ವತವಲ್ಲ, ಹೊರಚರ್ಮದಲ್ಲೇ ಇರುವುದರಿಂದ ಮಾಸುತ್ತದೆ, ಆದರೆ ತಿಂಗಳುಗಳು ಹಿಡಿಯುತ್ತವೆ ಎಂದಷ್ಟೇ ಹೇಳಿದೆ.

ಲೇಸರಿಗೆ ಮೊದಲೇ ಬಿಳಿಚಿಸುವ ಕ್ರೀಮ್ ಹಚ್ಚಿದ್ದರೆ ಇದು ತಪ್ಪುತ್ತಿತ್ತೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ತಪ್ಪುತ್ತಿರಲಿಲ್ಲ ಎಂದೇ ನನ್ನ ಭಾವನೆ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಡೈಆಕ್ಸೈಡ್ ಲೇಸರಿಗೆ ಮುಂಚಿತವಾಗಿ ಹೈಡ್ರೋಕ್ವಿನೋನ್ ಹಚ್ಚಿದವರಿಗೂ ಹಚ್ಚದವರಿಗೂ ಕಪ್ಪಾಗುವುದರಲ್ಲಿ ವ್ಯತ್ಯಾಸ ಕಂಡುಬಂದಿರಲಿಲ್ಲ. ಗಾಯ ಮುಚ್ಚಲು ಬರುವ ಕೋಶಗಳು ರೋಮಕೂಪದ ಆಳದಿಂದ ಏಳುತ್ತವೆ, ಮೇಲೆ ಹಚ್ಚಿದ ಕ್ರೀಮ್ ಅಲ್ಲಿಗೆ ಅಷ್ಟಾಗಿ ತಲುಪದು. ಕಪ್ಪಾದ ಮೇಲೆ ಅದೇ ಔಷಧ ಉಪಯೋಗಕ್ಕೆ ಬರುತ್ತದೆ. ರಾತ್ರಿ 4 ಪ್ರತಿಶತ ಹೈಡ್ರೋಕ್ವಿನೋನ್, ಹಗಲಿಗೆ ಕಬ್ಬಿಣದ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಕೊಟ್ಟೆ. ಅತಿನೇರಳೆ ಮಾತ್ರವಲ್ಲದೆ ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಚರ್ಮದಲ್ಲಿ ಬಣ್ಣ ಹೆಚ್ಚಿಸುವುದರಿಂದ ಬಿಳಿ ಸನ್‌ಸ್ಕ್ರೀನಿಗಿಂತ ಇದು ಮೇಲು. ಔಷಧದಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ, ಹೈಡ್ರೋಕ್ವಿನೋನಿನ ಜೊತೆಗೆ ಸ್ಟೆರಾಯ್ಡ್ ಬೆರೆಸಿದ ಕ್ರೀಮನ್ನು ಮಾತ್ರ ತರಬೇಡಿ ಎಂದು ಚೀಟಿಯಲ್ಲೇ ಬರೆದುಕೊಟ್ಟೆ. ಅದನ್ನು ತಿಂಗಳುಗಟ್ಟಲೆ ಹಚ್ಚಿ ಮುಖದ ಚರ್ಮ ತೆಳುವಾಗಿ, ರಕ್ತನಾಳ ಎದ್ದು ಕಾಣುವಂತಾದವರನ್ನು ವಾರಕ್ಕೊಬ್ಬರನ್ನಾದರೂ ನಾನು ನೋಡುತ್ತೇನೆ. ಬಣ್ಣ ತೆಗೆಯುವ ಕ್ರಮವನ್ನೂ ಬದಲಿಸಿದೆವು: ತೆಂಗಿನೆಣ್ಣೆಯ ಬದಲು ರೋಮಕೂಪ ಕಟ್ಟಿಸದ ದ್ರವ ಪ್ಯಾರಾಫಿನ್, ಒರಟು ಬೈರಾಸಿನ (ಟವೆಲಿನ) ಬದಲು ಹತ್ತಿ. ಚೌಕಿಯಲ್ಲಿ ಉಳಿದವರು ನಗಾಡಿದರಂತೆ.

ಫಲ

ಸೂಜಿಯ ಉಳಿದ ಮೂರು ಸರದಿಗಳು ನಿಗದಿತ ದಿನಗಳಲ್ಲೇ ನಡೆದವು, ಪ್ರತಿಯೊಂದೂ ಆದ ಮೇಲಿನ ಐದು ದಿನ ಚಿಕ್ಕಮೇಳಕ್ಕೆ ಅವರ ಬದಲಿಗೆ ಬೇರೊಬ್ಬರು ಹೋಗುವ ಏರ್ಪಾಡನ್ನು ಮುಂಚೆಯೇ ಖಚಿತಪಡಿಸಿಕೊಂಡು. ಕಪಾಲದ ಕಪ್ಪು ಅಕ್ಟೋಬರಿನಲ್ಲಿ ತಿಳಿಯಾಗಿ ನವೆಂಬರಿನ ಹೊತ್ತಿಗೆ, ಗೊತ್ತಿದ್ದವರು ಹುಡುಕಿದರೆ ಮಾತ್ರ ಕಾಣುವಷ್ಟು ಉಳಿಯಿತು. ಅದರ ನಡುವಿನ ನಾಲ್ಕು ತಿಂಗಳು ಅವರು ಆ ಜಾಗಕ್ಕೆ ಬಣ್ಣದ ಇನ್ನೊಂದು ಪದರ ಕೊಡಬೇಕಾಯಿತು.

ಕೊಲಾಜನ್ ಹೆಣಿಗೆ ನಿಧಾನದ ಕೆಲಸ. ಮೊದಲು ಬರುವ ಎಳೆಯ ನಾರು ತಿಂಗಳುಗಳಲ್ಲಿ ಗಟ್ಟಿ ನಾರಾಗಿ ಬದಲಾಗುತ್ತದೆ. ಆದ್ದರಿಂದ ಫಲವನ್ನು ಅಳೆದದ್ದು ಕೊನೆಯ ಸರದಿಯಾಗಿ ಮೂರು ತಿಂಗಳಾದ ಮೇಲೆ, ಡಿಸೆಂಬರಿನಲ್ಲಿ, ಆಟವಿಲ್ಲದ ದಿನವೊಂದರಲ್ಲಿ. ಅದೇ ಕುರ್ಚಿ, ಅದೇ ಟಾರ್ಚ್, ಕಿವಿಯ ಪಕ್ಕದಿಂದ ಅದೇ ಓರೆ ಬೆಳಕು. ಕೆನ್ನೆಯ ಅಗಲದ ಗುಳಿಗಳು ಮೂರನೆಯ ದರ್ಜೆಯಿಂದ ಎರಡನೆಯದಕ್ಕೆ ಇಳಿದಿದ್ದವು. ನೆರಳು ಇದ್ದೇ ಇತ್ತು, ಅದರ ಅಂಚು ಮಾತ್ರ ಕರಗಿತ್ತು. ಮೂಗಿನ ಪಕ್ಕದ ರಂಧ್ರಗಳಲ್ಲಿ ಐದು ಆಳ ಕಡಿಮೆಯಾಗಿದ್ದವು, ಉಳಿದವಕ್ಕೆ ಆಮ್ಲವನ್ನು ಇನ್ನೊಮ್ಮೆ ಇಡಬೇಕಿತ್ತು.

ಕಪಾಲದ ವಿಷಯದಲ್ಲಿ ನಾನು ಪ್ರಾಮಾಣಿಕನಾಗಿರಬೇಕು. ನಾಲ್ಕು ಸರದಿ ಸೂಜಿ ಕಂಡ ಎಡ ಕಪಾಲದ ಪೆಟ್ಟಿಗೆ ಗುಳಿಗಳು ಹೆಚ್ಚೇನೂ ಬದಲಾಗಿರಲಿಲ್ಲ. ಒಂದೇ ಸುತ್ತು ಲೇಸರ್ ಕಂಡ ಬಲ ಕಪಾಲದಲ್ಲಿ ಅಂಚುಗಳು ತಗ್ಗಿ, ತಳ ಮೇಲೆ ಬಂದಿತ್ತು. ಗುಳಿಯನ್ನಷ್ಟೇ ಅಳೆದರೆ ಅಲ್ಲಿ ಲೇಸರೇ ಗೆದ್ದಿತ್ತು. ನನ್ನ ಅನುಮಾನ ಸರಿಯಾಗಿತ್ತು, ತಪ್ಪಿದ್ದು ದಿನಗಳ ಲೆಕ್ಕ. ಈಗ ಕಪ್ಪು ಚರ್ಮದವರಿಗೆ ಲೇಸರ್ ಮಾಡುವ ಮುಂಚೆ ನಾನು ಹತ್ತು ದಿನಗಳನ್ನು ಒಂದೊಂದಾಗಿ ಹೇಳಿಸುತ್ತೇನೆ. ಸೋಮವಾರ ಎಲ್ಲಿರುತ್ತೀರಿ, ಮುಖಕ್ಕೆ ಏನು ತಾಗುತ್ತದೆ, ಮಂಗಳವಾರ ಯಾರ ಮನೆಯ ಮದುವೆ, ಹೆಲ್ಮೆಟ್ ಹಾಕಿ ಎಷ್ಟು ದೂರ ಹೋಗುತ್ತೀರಿ ಎಂದು. ಮಲ್ಪೆಯ ದಕ್ಕೆಯಲ್ಲಿ ಮೀನು ಏಲಂ ಮಾಡುವ ಹೆಂಗಸೊಬ್ಬರು ಹೀಗೆ ಲೆಕ್ಕ ಹೇಳುತ್ತ ಹೇಳುತ್ತ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ಬಿಟ್ಟರೆ ತನಗೆ ಹತ್ತು ದಿನ ಸಿಗುವುದೇ ಇಲ್ಲವೆಂದು ತಾವೇ ಕಂಡುಕೊಂಡರು. ಅವರಿಗೆ ಸೂಜಿಯನ್ನೇ ಆರಿಸಿದೆವು.

2024ರಲ್ಲಿ ಪತ್ತನಾಜೆ ಕಳೆದ ವಾರವೇ ನಮ್ಮ ರೋಗಿ ಮತ್ತೆ ಬಂದರು. ಕೆನ್ನೆಗೆ ಇನ್ನೆರಡು ಸರದಿ ಸೂಜಿ ಎಂದು ತೀರ್ಮಾನಿಸಿದೆವು. ಹತ್ತು ದಿನ ಬಣ್ಣ ಹಚ್ಚದೆ ಇರಲು ಸಾಧ್ಯವಾದರೆ ಎಡ ಕಪಾಲಕ್ಕೂ ಲೇಸರ್ ಮಾಡಬಹುದು, ಬಲಗಡೆಯಷ್ಟೇ ಫಲ ಸಿಗುವ ಸಾಧ್ಯತೆ ಇದೆ, ಈ ಸಲ ಕಪ್ಪಾಗುವ ಅಪಾಯ ಕಡಿಮೆಯಾದರೂ ಇಲ್ಲವೆನ್ನಲಾಗದು ಎಂದು ಎಲ್ಲವನ್ನೂ ಅವರ ಮುಂದಿಟ್ಟೆ. ಅವರು ಕನ್ನಡಿಯಲ್ಲಿ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ತಿರುಗಿ ನೋಡಿಕೊಂಡರು.

"ಬೇಡ ಡಾಕ್ಟ್ರೇ. ದೀಪ ಬೀಳುವುದು ಕೆನ್ನೆಗೆ. ಕಪಾಲಕ್ಕೆ ಹೇಗೂ ಕೂದಲು ಇಳೀತದೆ."